ಜನಪದ ಧ್ವನಿ ದಾಖಲೆಗಳ ಗಣಕ ಭಂಡಾರ: ಅಪ್ಲಿಕೇಶನ್ ಸರ್ವರ್ ಸ್ಥಾಪನೆಯ ಪೂರ್ವಯೋಜನೆ (ಗುರುವಾಯನಕೆರೆ ಪರಿಸರವನ್ನು ಅನುಲಕ್ಷಿಸಿ)

1. ಪೀಠಿಕೆ

ತುಳುನಾಡಿನ ಮೌಖಿಕ ಸಾಹಿತ್ಯದ ಸಂಗ್ರಹಕ್ಕೆ ಒಂದೂಕಾಲು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಎ. ಮ್ಯಾನರ್ ಅವರ ಪಾಡ್ದನ ಸಂಕಲನ ಪ್ರಕಟವಾಯಿತು. 1894ರಿಂದ 1897ರವರೆಗೆ ಎ.ಸಿ. ಬರ್ನೆಲ್ ಅವರ ಸಂಗ್ರಹವು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬೆಳಕು ಕಂಡಿತು. ಈ ಎರಡೂ ಸಂಗ್ರಹಗಳಲ್ಲಿ ಉಳಿದಿರುವುದು ಪಠ್ಯ ಮಾತ್ರ. ಹಾಡಿದವರ ಕಂಠ ಉಳಿದಿಲ್ಲ. ಧ್ವನಿಮುದ್ರಣ ಯಂತ್ರ ಕ್ಷೇತ್ರಕಾರ್ಯದ ಸಂಗಾತಿಯಾದ ಮೇಲೆ ಈ ಕೊರತೆ ನೀಗಿತು. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಅನ್ನೆಲಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರನ್ನೊಳಗೊಂಡ ತಂಡವು ದಾಖಲಿಸಿತು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಗಿ, ತುಳು ಮಹಾಕಾವ್ಯವೊಂದು ಜಗತ್ತಿನ ವಿದ್ವತ್ ವಲಯದ ಗಮನ ಸೆಳೆಯಿತು. ಉಡುಪಿಯ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಕು.ಶಿ. ಹರಿದಾಸ ಭಟ್ಟರ ಮುಂದಾಳುತನದಲ್ಲಿ ಇಂಥ ದಾಖಲೀಕರಣಕ್ಕೆ ವ್ಯವಸ್ಥಿತ ರೂಪ ಕೊಟ್ಟಿತು.

ಇಂತಹ ಪ್ರಸಿದ್ಧ ದಾಖಲೆಗಳಾಚೆಗೆ, ಅಧ್ಯಾಪಕರ ಮನೆಗಳಲ್ಲಿ, ಕಾಲೇಜುಗಳ ಕಪಾಟುಗಳಲ್ಲಿ, ಸಂಶೋಧನ ವಿದ್ಯಾರ್ಥಿಗಳ ಪೆಟ್ಟಿಗೆಗಳಲ್ಲಿ ಉಳಿದಿರುವ ಕ್ಯಾಸೆಟ್ಟುಗಳೂ ಇವೆ. ಅವುಗಳಲ್ಲಿ ಹಾಡಿದವರಲ್ಲಿ ಅನೇಕರು ಇಂದು ಬದುಕಿಲ್ಲ. ಕಾಂತ ಸುರುಳಿಯ ಬಾಳಿಕೆ ಸೀಮಿತವಾದುದು. ಅದನ್ನು ನುಡಿಸುವ ಯಂತ್ರಗಳ ಬಾಳಿಕೆ ಅದಕ್ಕಿಂತಲೂ ಸೀಮಿತ. ಯುನೆಸ್ಕೋ ಮತ್ತು ಧ್ವನಿ ದಾಖಲೆ ಭಂಡಾರಗಳ ಅಂತರರಾಷ್ಟ್ರೀಯ ಸಂಘಗಳು 2019ರಲ್ಲಿ ಇದೇ ಕಾರಣಕ್ಕೆ ಜಗತ್ತಿನ ಸಂಗ್ರಾಹಕರನ್ನು ಎಚ್ಚರಿಸುವ ಯೋಜನೆಯೊಂದನ್ನು ಕೈಗೊಂಡವು. ಆದ್ದರಿಂದ ಕ್ಯಾಸೆಟ್ಟುಗಳನ್ನು ಅಂಕೀಯ ರೂಪಕ್ಕೆ ತರುವುದು ಅನಿವಾರ್ಯ. ಆದರೆ ಅಂಕೀಕರಣವಾದ ಕಡತಗಳನ್ನು ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿಸಿ ಇಟ್ಟಮಾತ್ರಕ್ಕೆ ಅದು ಭಂಡಾರವಾಗುವುದಿಲ್ಲ. ಅವನ್ನು ಹುಡುಕಲು, ಕೇಳಿಸಲು, ಕಾಯಲು, ಯಾರಿಗೆ ಎಷ್ಟು ತೆರೆದಿಡಬೇಕೆಂಬುದನ್ನು ನಿರ್ಧರಿಸಲು ಒಂದು ವ್ಯವಸ್ಥೆ ಬೇಕು. ಸಂಸ್ಥೆಗಳಲ್ಲಿ ಈ ಕಾರ್ಯವನ್ನು ನಿರ್ವಹಿಸುವ ತಂತ್ರಾಂಶವೇ ಅಪ್ಲಿಕೇಶನ್ ಸರ್ವರ್. ಅದರ ಸ್ಥಾಪನೆಗೆ ಮುನ್ನ ಮಾಡಬೇಕಾದ ಯೋಜನೆಯ ಸ್ವರೂಪವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಉದಾಹರಣೆಗಾಗಿ ಗುರುವಾಯನಕೆರೆಯ ಪರಿಸರವನ್ನು ಆಯ್ದುಕೊಳ್ಳಲಾಗಿದೆ. ಬಂಟ್ವಾಳದಿಂದ ಚಾರ್ಮಾಡಿಯ ಕಡೆಗೆ ಹೋಗುವ ಹೆದ್ದಾರಿಗೆ ಉಪ್ಪಿನಂಗಡಿಯ ರಸ್ತೆಯೂ ವೇಣೂರಿನ ಮೂಲಕ ಮೂಡುಬಿದಿರೆಯ ರಸ್ತೆಯೂ ಸೇರುವ ಊರು ಇದು. ಮೂಡುಬಿದಿರೆಯ ಜೈನ ಮಠದ ತಾಡವಾಲೆಗಳು, ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹ, ಉಜಿರೆ ಮತ್ತು ಧರ್ಮಸ್ಥಳದ ವಿದ್ಯಾಸಂಸ್ಥೆಗಳು, ಗೋಪಾಲ ನಾಯ್ಕರ ಮಾಚಾರು ಎಲ್ಲವೂ ಇಲ್ಲಿಂದ ಹತ್ತಿರ. ಇಲ್ಲಿ ಒಂದು ಸಣ್ಣ ಜನಪದ ಧ್ವನಿ ಭಂಡಾರವನ್ನು ತೆರೆಯುವುದಾದರೆ ಯೋಜನೆ ಹೇಗಿರಬೇಕು ಎಂಬ ಕಲ್ಪನೆಯನ್ನು ಮುಂದಿಟ್ಟುಕೊಂಡು ಚರ್ಚೆಯನ್ನು ಬೆಳೆಸಲಾಗಿದೆ.

2. ಅಪ್ಲಿಕೇಶನ್ ಸರ್ವರಿನ ಸ್ವರೂಪ

ದೈವಾರಾಧನೆಯ ವ್ಯವಸ್ಥೆಯನ್ನು ಬಲ್ಲವರಿಗೆ ಇದರ ರಚನೆ ಅಪರಿಚಿತವೆನಿಸಲಾರದು. ದೈವದ ಮೊಗ, ಖಡ್ಸಲೆ, ಆಭರಣಗಳು ಭಂಡಾರದ ಮನೆಯಲ್ಲಿರುತ್ತವೆ. ನೇಮದ ದಿನ ಭಂಡಾರವು ಕಟ್ಟಳೆಯ ಪ್ರಕಾರ ಇಳಿದು ಕಳಕ್ಕೆ ಬರುತ್ತದೆ. ನೆರೆದ ಜನರು ಭಂಡಾರದ ಪೆಟ್ಟಿಗೆಗೆ ಕೈ ಹಾಕುವುದಿಲ್ಲ. ತಮ್ಮ ಅರಿಕೆಯನ್ನು ಕಳದಲ್ಲಿ ಮಧ್ಯಸ್ಥರ ಮೂಲಕ ಒಪ್ಪಿಸುತ್ತಾರೆ, ನುಡಿಯನ್ನು ಅಲ್ಲಿಯೇ ಪಡೆಯುತ್ತಾರೆ. ಗಣಕ ವ್ಯವಸ್ಥೆಯಲ್ಲಿಯೂ ಇಂಥದೇ ಮೂರು ಸ್ತರಗಳಿವೆ. ಓದುಗರು ತಮ್ಮ ಗಣಕದಲ್ಲಿ ಕಾಣುವ ಪುಟ ಮೊದಲನೆಯ ಸ್ತರ. ದತ್ತಸಂಚಯ ಮತ್ತು ಧ್ವನಿ ಕಡತಗಳ ಕೋಠಿ ಮೂರನೆಯ ಸ್ತರ. ಇವೆರಡರ ನಡುವೆ ನಿಂತು ಕೇಳಿದವರು ಯಾರು, ಕೇಳಿದ್ದೇನು, ಕೊಡಬಹುದೇ, ಕೊಡುವುದಾದರೆ ಯಾವ ರೂಪದಲ್ಲಿ ಎಂಬುದನ್ನು ನಿರ್ಧರಿಸಿ ಉತ್ತರಿಸುವ ನಡುವಣ ಸ್ತರವೇ ಅಪ್ಲಿಕೇಶನ್ ಸರ್ವರ್.

ಬ್ಯಾಂಕು, ವಿಮೆ, ಸರಕಾರದ ಇಲಾಖೆಗಳಂತಹ ದೊಡ್ಡ ಸಂಸ್ಥೆಗಳಲ್ಲಿ ಐಬಿಎಂ ಕಂಪನಿಯ ವೆಬ್‌ಸ್ಫಿಯರ್, ಒರೇಕಲ್ ಕಂಪನಿಯ ವೆಬ್‌ಲಾಜಿಕ್, ಮುಕ್ತ ತಂತ್ರಾಂಶವಾದ ವೈಲ್ಡ್‌ಫ್ಲೈ ಮೊದಲಾದ ಅಪ್ಲಿಕೇಶನ್ ಸರ್ವರುಗಳು ಬಳಕೆಯಲ್ಲಿವೆ. ಅಪಾಚೆ ಟಾಮ್‌ಕ್ಯಾಟ್ ಇದೇ ವರ್ಗದ ಹಗುರವಾದ ತಂತ್ರಾಂಶ. ಇವೆಲ್ಲವೂ ಜಾವಾ ಭಾಷೆಯ ತಳಹದಿಯ ಮೇಲೆ ನಿಂತಿವೆ. ಗಾತ್ರದಲ್ಲಿ ವ್ಯತ್ಯಾಸವಿದ್ದರೂ ಸ್ಥಾಪನೆಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಎಂಬುದು ಗಮನಾರ್ಹ.

3. ಮೊದಲ ಲೆಕ್ಕ: ಇರುವ ಸಾಮಗ್ರಿ ಮತ್ತು ಬರುವ ಬಳಕೆದಾರರು

ಯಂತ್ರವನ್ನು ಕೊಂಡು ಆಮೇಲೆ ಅದಕ್ಕೆ ಕೆಲಸ ಹುಡುಕುವುದು ಹಲವೆಡೆ ಕಂಡುಬರುವ ರೂಢಿ. ಯೋಜನೆ ಆರಂಭವಾಗಬೇಕಾದುದು ಕ್ಯಾಸೆಟ್ಟುಗಳ ಎಣಿಕೆಯಿಂದ. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿಯ ಪ್ರಕಾರ ಸಂರಕ್ಷಣೆಗಾಗಿ ಮಾಡುವ ಅಂಕೀಕರಣವು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿರಬೇಕು. 96 ಕಿಲೋಹರ್ಟ್ಸ್ ಆದರೆ ಮತ್ತಷ್ಟು ಒಳ್ಳೆಯದು. 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಎರಡು ವಾಹಿನಿಗಳ ಮುದ್ರಣಕ್ಕೆ ಒಂದು ಸೆಕೆಂಡಿಗೆ 5,76,000 ಬೈಟುಗಳು ಬೇಕು. ಎಂದರೆ ಒಂದು ಗಂಟೆಗೆ ಸುಮಾರು 2.07 ಗಿಗಾಬೈಟ್. ಅರುವತ್ತು ನಿಮಿಷಗಳ 500 ಕ್ಯಾಸೆಟ್ಟುಗಳಿವೆ ಎಂದಿಟ್ಟುಕೊಂಡರೆ ಸುಮಾರು 1,037 ಗಿಗಾಬೈಟ್ ಜಾಗ ಬೇಕಾಗುತ್ತದೆ. ಮೂರು ಪ್ರತಿಗಳನ್ನು ಇಡುವುದಾದರೆ ಇದು ಮೂರು ಪಟ್ಟಾಗುತ್ತದೆ. ಕೇಳುಗರಿಗಾಗಿ ತಯಾರಿಸುವ ಕಿರಿದಾದ ಪ್ರತಿ, ಲಿಪ್ಯಂತರ, ಛಾಯಾಚಿತ್ರಗಳಿಗೆ ಬೇಕಾಗುವ ಸ್ಥಳ ಪ್ರತ್ಯೇಕ. ನೇಮದ ವಿಡಿಯೋ ಮುದ್ರಣಗಳೂ ಇದ್ದಲ್ಲಿ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಎರಡನೆಯ ಲೆಕ್ಕ ಬಳಕೆದಾರರದು. ಏಕಕಾಲದಲ್ಲಿ ಹತ್ತು ಮಂದಿ ಕೇಳುವ ಭಂಡಾರಕ್ಕೂ ಸಾವಿರ ಮಂದಿ ವ್ಯವಹರಿಸುವ ಬ್ಯಾಂಕಿಗೂ ಒಂದೇ ಬಗೆಯ ವಿನ್ಯಾಸ ಸಲ್ಲದು. ದೊಡ್ಡ ಸಂಸ್ಥೆಗಳಲ್ಲಿ ಹಲವು ಯಂತ್ರಗಳಲ್ಲಿ ಒಂದೇ ಅಪ್ಲಿಕೇಶನ್ ಸರ್ವರನ್ನು ಸ್ಥಾಪಿಸಿ, ಒಂದು ನಿಂತರೆ ಇನ್ನೊಂದು ಹೊರೆ ಹೊರುವಂತೆ ಗುಂಪುಗೂಡಿಸುತ್ತಾರೆ. ಇಂತಹ ಗುಂಪಿಗೆ ನಿರಂತರ ನಿರ್ವಹಣೆಯನ್ನು ಬಲ್ಲ ಸಿಬ್ಬಂದಿ ಬೇಕು. ಗುರುವಾಯನಕೆರೆಯಂತಹ ಊರಿನ ಸಣ್ಣ ಕೇಂದ್ರಕ್ಕೆ 16 ಗಿಗಾಬೈಟ್ ಸ್ಮೃತಿಯುಳ್ಳ ಒಂದೇ ಸರ್ವರ್ ಸಮಂಜಸವಾದ ಆರಂಭ. ಅರ್ಧ ದಿನ ಭಂಡಾರ ಮುಚ್ಚಿದ್ದರೆ ಸಂಶೋಧನೆಗೆ ನಷ್ಟವಿಲ್ಲ. ಒಂದು ಕಡತ ಕಳೆದರೆ ನಷ್ಟ ತುಂಬಲಾಗದು. ಆದ್ದರಿಂದ ಹಣದ ಹೆಚ್ಚಿನ ಪಾಲು ಎಡೆಬಿಡದೆ ನಡೆಯುವ ಸೇವೆಗಿಂತ ಪ್ರತಿಗಳ ಸುರಕ್ಷತೆಗೆ ಸಲ್ಲಬೇಕು.

4. ತಂತ್ರಾಂಶದ ಆಯ್ಕೆ ಮತ್ತು ಆವೃತ್ತಿಗಳ ಹೊಂದಾಣಿಕೆ

ಗ್ರಂಥಾಲಯಗಳಲ್ಲಿ ಹೆಚ್ಚು ಪರಿಚಿತವಾದ ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶವನ್ನು 2002ರಲ್ಲಿ ಅಮೆರಿಕದ ಎಂಐಟಿ ಗ್ರಂಥಾಲಯ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಕಂಪನಿಗಳು ಹೊರತಂದವು. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವು ಇದನ್ನು ಭಾರತದ ಗ್ರಂಥಪಾಲಕರಿಗೆ ಪರಿಚಯಿಸಿದ ಸಂಸ್ಥೆಗಳಲ್ಲೊಂದು. ಪರವಾನಗಿ ಶುಲ್ಕವಿಲ್ಲದಿರುವುದು, ಕಡತಗಳನ್ನು ದತ್ತಸಂಚಯದಿಂದ ಬೇರೆಯಾದ ಕೋಠಿಯಲ್ಲಿ ಇಡುವುದು, ಕಡತವು ಕೆಟ್ಟಿದೆಯೇ ಎಂಬುದನ್ನು ಮೊತ್ತತಾಳೆಯಿಂದ ಪರೀಕ್ಷಿಸುವುದು ಇದರ ಅನುಕೂಲಗಳು.

ಆದರೆ ಡಿಸ್ಪೇಸ್ ಒಂಟಿಯಾಗಿ ನಿಲ್ಲುವ ತಂತ್ರಾಂಶವಲ್ಲ. ಅದಕ್ಕೆ ಜಾವಾ, ಟಾಮ್‌ಕ್ಯಾಟ್, ಪೋಸ್ಟ್‌ಗ್ರೆಸ್ ದತ್ತಸಂಚಯ, ಶೋಧಕ್ಕಾಗಿ ಸೋಲರ್ ಬೇಕು. 2021ರಲ್ಲಿ ಬಂದ 7ನೆಯ ಆವೃತ್ತಿಯಿಂದ ಮುಖಪುಟದ ಭಾಗವು ನೋಡ್ ಎಂಬ ಬೇರೊಂದು ವ್ಯವಸ್ಥೆಯ ಮೇಲೆ ನಡೆಯುತ್ತದೆ. ಇವುಗಳಲ್ಲಿ ಯಾವ ಆವೃತ್ತಿಯೊಂದಿಗೆ ಯಾವುದು ಹೊಂದುತ್ತದೆ ಎಂಬುದನ್ನು ಸ್ಥಾಪನೆಗೆ ಮೊದಲೇ ಕೋಷ್ಟಕವಾಗಿ ಬರೆದುಕೊಳ್ಳಬೇಕು. ಇದಕ್ಕೊಂದು ನಿದರ್ಶನ ಗಮನಿಸಬಹುದು. ಸಂಸ್ಥಾಮಟ್ಟದ ಜಾವಾದ ಹೊಣೆ 2017ರಲ್ಲಿ ಒರೇಕಲ್‌ನಿಂದ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ವರ್ಗಾವಣೆಯಾಗುವುದೆಂದು ನಿರ್ಧಾರವಾಯಿತು. ಹೆಸರಿನ ಹಕ್ಕು ಹಿಂದಿನ ಕಂಪನಿಯಲ್ಲೇ ಉಳಿದುದರಿಂದ ತಂತ್ರಾಂಶದ ಒಳಗಿನ ‘ಜಾವಾಕ್ಸ್’ ಎಂಬ ಹೆಸರುಗಳು 2020ರಲ್ಲಿ ‘ಜಕಾರ್ತಾ’ ಎಂದಾದವು. ಪರಿಣಾಮವಾಗಿ ಟಾಮ್‌ಕ್ಯಾಟ್ 9ರ ಮೇಲೆ ನಡೆಯುತ್ತಿದ್ದ ಅನ್ವಯಗಳು ಟಾಮ್‌ಕ್ಯಾಟ್ 10ರ ಮೇಲೆ ಹಾಗೆಯೇ ನಡೆಯುವುದಿಲ್ಲ. ಡಿಸ್ಪೇಸ್ 7ಕ್ಕೆ ಟಾಮ್‌ಕ್ಯಾಟ್ 9 ಬೇಕಾದರೆ, 2024ರಲ್ಲಿ ಬಂದ 8ನೆಯ ಆವೃತ್ತಿಗೆ ಟಾಮ್‌ಕ್ಯಾಟ್ 10.1 ಮತ್ತು ಜಾವಾ 17 ಬೇಕು. ಹೊಸದೇ ಒಳ್ಳೆಯದೆಂದು ಎಲ್ಲದರ ಹೊಸ ಆವೃತ್ತಿಯನ್ನು ತಂದು ಜೋಡಿಸಿದಲ್ಲಿ ವ್ಯವಸ್ಥೆ ಏಳುವುದೇ ಇಲ್ಲ.

ಹಳೆಯದನ್ನೇ ನೆಚ್ಚಿಕೊಳ್ಳುವುದೂ ಅಪಾಯಕರ. ಡಿಸ್ಪೇಸ್ 6ಕ್ಕೆ ದೊರೆಯುತ್ತಿದ್ದ ಬೆಂಬಲ 2023ರಲ್ಲಿ ಕೊನೆಗೊಂಡಿತು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಸಣ್ಣ ಘಟಕದಲ್ಲಿ ಕಂಡುಬಂದ ದೋಷವು ಜಗತ್ತಿನ ಅಸಂಖ್ಯ ಜಾವಾ ಸರ್ವರುಗಳನ್ನು ಬಯಲಿಗಿಟ್ಟಿತು. ಯಾವ ಘಟಕ ಎಲ್ಲಿದೆ ಎಂಬ ಪಟ್ಟಿ ಇದ್ದ ಸಂಸ್ಥೆಗಳು ಬೇಗ ದುರಸ್ತಿ ಮಾಡಿಕೊಳ್ಳಬಲ್ಲವಾಗಿದ್ದವು. ಪಟ್ಟಿ ಇಲ್ಲದವು ಮೊದಲು ಹುಡುಕಬೇಕಾಯಿತು. ಆದ್ದರಿಂದ ಘಟಕಗಳ ಪಟ್ಟಿ, ಆವೃತ್ತಿ, ಬೆಂಬಲ ಕೊನೆಗೊಳ್ಳುವ ದಿನಾಂಕ ಇವು ಯೋಜನೆಯ ಕಡತದಲ್ಲಿ ಇರಲೇಬೇಕಾದ ಅಂಶಗಳು.

5. ಲಿಪಿಯ ಪ್ರಶ್ನೆ

ತುಳು ಸಾಮಗ್ರಿಯ ಭಂಡಾರದಲ್ಲಿ ಲಿಪಿಯ ಯೋಜನೆಗೆ ವಿಶೇಷ ಮಹತ್ತ್ವವಿದೆ. ಹಳೆಯ ಲಿಪ್ಯಂತರಗಳಲ್ಲಿ ಹಲವು ನುಡಿ ಮೊದಲಾದ ತಂತ್ರಾಂಶಗಳ ಯುನಿಕೋಡೇತರ ಅಕ್ಷರವಿನ್ಯಾಸಗಳಲ್ಲಿವೆ. ಅವನ್ನು ಹಾಗೆಯೇ ಸೇರಿಸಿದರೆ ಪರದೆಯ ಮೇಲೆ ಕಾಣಬಹುದಾದರೂ ಶೋಧಕ್ಕೆ ಸಿಗುವುದಿಲ್ಲ. ಭಂಡಾರಕ್ಕೆ ಸೇರಿಸುವ ಮೊದಲೇ ಯುನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯನ್ನು ತಿದ್ದಿ ನೋಡಬೇಕು. ಯುನಿಕೋಡಿನಲ್ಲಿಯೂ ‘ೋ’ ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ನಿಯಮವನ್ನು ಮೊದಲೇ ನಿಗದಿಪಡಿಸಬೇಕು.

2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ದೊರೆತಿದೆ. ಕನ್ನಡದ ಒಂದು ಸಂಕೇತಕ್ಕೆ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟುಗಳು ಸಾಕು. ತುಳು-ತಿಗಳಾರಿಯ ಸಂಕೇತಕ್ಕೆ ನಾಲ್ಕು ಬೇಕು. ಮೈ-ಎಸ್‌ಕ್ಯುಎಲ್ ದತ್ತಸಂಚಯದಲ್ಲಿ ‘ಯುಟಿಎಫ್8’ ಎಂದು ಬಹುಕಾಲ ಕರೆಯಲಾದ ಆಯ್ಕೆ ಮೂರೇ ಬೈಟುಗಳಿಗೆ ಸೀಮಿತವಾಗಿತ್ತು. ಅಂಥ ಕಡೆ ಇಂದು ಕನ್ನಡ ಸರಿಯಾಗಿ ಕಾಣಿಸಿ, ನಾಳೆ ತಾಡವಾಲೆಯ ಪಠ್ಯವನ್ನು ಅದರದೇ ಲಿಪಿಯಲ್ಲಿ ಸೇರಿಸಹೊರಟಾಗ ತೊಡಕು ಎದುರಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಯುಟಿಎಫ್-8 ಆಯ್ದು ದತ್ತಸಂಚಯವನ್ನು ನಿರ್ಮಿಸಿದರೆ ಈ ತೊಂದರೆಯಿಲ್ಲ. ಸ್ಥಾಪನೆಯ ದಿನ ಒಂದು ಸಾಲಿನಲ್ಲಿ ಮುಗಿಯುವ ಈ ನಿರ್ಧಾರವನ್ನು ವರ್ಷಗಳ ಬಳಿಕ ಬದಲಿಸುವುದು ಬಹಳ ಶ್ರಮದ ಕೆಲಸ.

ಸಂಗ್ರಾಹಕರ ಬರವಣಿಗೆಯಲ್ಲಿರುವ ಭೇದಗಳೂ ಗಣನೀಯ. ಒಬ್ಬರು ‘ಪಾಡ್ದನ’ ಎಂದರೆ ಇನ್ನೊಬ್ಬರು ‘ಪಾರ್ದನ’ ಎನ್ನುತ್ತಾರೆ. ಹಾಡುವವರು ‘ಸಂಧಿ’ ಎನ್ನುವುದುಂಟು. ತುಳುವಿನ ಪದಾಂತ್ಯದ ಅರೆ ಉಕಾರವನ್ನು ಕೆಲವರು ‘ಕಣ್ಣ್’ ಎಂದು, ಕೆಲವರು ‘ಕಣ್ಣು’ ಎಂದು ಬರೆಯುತ್ತಾರೆ. ಇವನ್ನು ಒಂದಕ್ಕೊಂದು ತಳಕು ಹಾಕುವ ಸಮಾನಪದಗಳ ಪಟ್ಟಿಯನ್ನು ಸೋಲರ್‌ನಲ್ಲಿ ಅಳವಡಿಸಬಹುದು. 1988ರಿಂದ 1997ರ ಅವಧಿಯಲ್ಲಿ ಉಡುಪಿಯಿಂದ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಇಂತಹ ಪಟ್ಟಿಗೆ ಒಳ್ಳೆಯ ಆಧಾರ. ಇದು ಜಾನಪದ ವಿದ್ವಾಂಸರು ಮಾಡಿಕೊಡಬೇಕಾದ ಕೆಲಸವೇ ಹೊರತು ತಂತ್ರಜ್ಞರಿಂದ ನಿರೀಕ್ಷಿಸತಕ್ಕದ್ದಲ್ಲ.

6. ವಿವರಗಳ ಕ್ಷೇತ್ರಗಳು ಮತ್ತು ಅನುಮತಿ

ಪ್ರತಿಯೊಂದು ದಾಖಲೆಗೂ ಯಾವ ಯಾವ ವಿವರಗಳಿರಬೇಕು ಎಂಬುದನ್ನು ಸ್ಥಾಪನೆಗೆ ಮೊದಲೇ ನಿರ್ಧರಿಸಬೇಕು. ವೇಣೂರು ಪರಿಸರದ ಕಲ್ಕುಡ ಪಾಡ್ದನವನ್ನು ಉದಾಹರಿಸಬಹುದು. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿಯ ಕೈಕಾಲುಗಳನ್ನು ಅರಸ ಕಡಿಸಿದನೆಂದೂ ಆತ ಆ ಬಳಿಕ ವೇಣೂರಿನ ಗೊಮ್ಮಟನನ್ನು ಕೆತ್ತಿದನೆಂದೂ ಪಾಡ್ದನ ಹೇಳುತ್ತದೆ. ಇತಿಹಾಸದ ಪ್ರಕಾರ ಕಾರ್ಕಳದ ವಿಗ್ರಹ 1432ರದು, ವೇಣೂರಿನದು 1604ರದು. ನಡುವೆ 172 ವರ್ಷಗಳ ಅಂತರ. ‘ಕಾಲ’ ಎಂಬ ಒಂದೇ ಕ್ಷೇತ್ರವಿದ್ದಲ್ಲಿ ಸೂಚಿಕಾರ ಅದರಲ್ಲಿ ಏನನ್ನು ಬರೆಯಬೇಕು? ಕಥೆಯ ಕಾಲ, ಹಾಡಿದ ದಿನ, ಅಂಕೀಕರಣದ ದಿನ ಇವು ಬೇರೆ ಬೇರೆ ಕ್ಷೇತ್ರಗಳಾಗಬೇಕು. ಹಾಗೆಯೇ ಕಥೆ ನಡೆದ ಊರು ಮತ್ತು ಹಾಡಿದ ಊರು ಬೇರೆ. ಹಾಡಿದ ಸಂದರ್ಭ ನೇಮದ ಕಳವೋ, ನೇಜಿ ನೆಡುವ ಗದ್ದೆಯೋ, ಸಂಗ್ರಾಹಕರ ಕೋರಿಕೆಯ ಮೇರೆಗೆ ಜಗಲಿಯಲ್ಲಿ ನಡೆದುದೋ ಎಂಬುದನ್ನೂ ದಾಖಲಿಸಬೇಕು. ಈ ಭೇದವಿಲ್ಲದ ದಾಖಲೆ ಸಂಶೋಧಕರಿಗೆ ಅರ್ಧದಷ್ಟೇ ಉಪಯುಕ್ತ.

ಇದಕ್ಕಿಂತಲೂ ಗಂಭೀರವಾದುದು ಅನುಮತಿಯ ಪ್ರಶ್ನೆ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲಿರುವ ಹಕ್ಕನ್ನು ಭಾರತದ ಕೃತಿಸ್ವಾಮ್ಯ ಕಾಯಿದೆಯು 1994ರ ತಿದ್ದುಪಡಿಯಿಂದ ಮಾನ್ಯ ಮಾಡಿದೆ. 2012ರ ತಿದ್ದುಪಡಿ ತಮ್ಮ ಹೆಸರು ಗುರುತಿಸಲ್ಪಡುವ ನೈತಿಕ ಹಕ್ಕನ್ನೂ ಸೇರಿಸಿತು. ಕಾಯಿದೆಯಾಚೆಗೆ ಕಟ್ಟಳೆಯೂ ಇದೆ. ಕಳದಲ್ಲಿ, ನಿಯತ ಸಮಯದಲ್ಲಿ, ನಿಯತ ಸಮುದಾಯದವರು ಮಾತ್ರ ಹೇಳುವ ಪಾಡ್ದನವನ್ನು ಎಲ್ಲರ ಕಿವಿಗೂ ಎಲ್ಲ ಹೊತ್ತಿಗೂ ಎಟುಕುವಂತೆ ಮಾಡುವುದು ಹಾಡಿದವರ ಮನೆಯವರಿಗೆ ಒಪ್ಪಿಗೆಯೇ ಎಂಬುದನ್ನು ಕೇಳಿ ತಿಳಿಯಬೇಕು. ನಲ್ವತ್ತು ವರ್ಷಗಳ ಹಿಂದೆ ಟೇಪ್ ರೆಕಾರ್ಡರಿನ ಮುಂದೆ ಹಾಡಿದವರು ಒಪ್ಪಿದ್ದು ಆ ಸಂಗ್ರಾಹಕರಿಗೆ; ಜಗತ್ತಿಗಲ್ಲ. ಆದ್ದರಿಂದ ದಾಖಲೆಗಳನ್ನು ಎಲ್ಲರಿಗೂ ತೆರೆದವು, ಕೇಂದ್ರದಲ್ಲಿ ಬಂದು ಕೇಳಬೇಕಾದವು, ಕುಟುಂಬದ ಅನುಮತಿ ಬೇಕಾದವು ಎಂದು ಮೂರಾಗಿ ವಿಂಗಡಿಸುವುದು ಯೋಗ್ಯ. ಅನುಮತಿ ಇನ್ನೂ ತಿಳಿಯದ ದಾಖಲೆ ತಾನಾಗಿಯೇ ಮುಚ್ಚಿದ ವರ್ಗಕ್ಕೆ ಸೇರುವಂತೆ ವ್ಯವಸ್ಥೆಯನ್ನು ರೂಪಿಸಬೇಕು. ಒಮ್ಮೆ ಹೊರಬಿದ್ದ ಧ್ವನಿಯನ್ನು ಮರಳಿ ಪಡೆಯಲಾಗದು.

7. ಸ್ಥಳ, ಮಳೆ ಮತ್ತು ವಿದ್ಯುತ್ತು

ಪಶ್ಚಿಮಘಟ್ಟದ ತಪ್ಪಲಿಗೆ ಹತ್ತಿರವಿರುವ ಬೆಳ್ತಂಗಡಿ ಸೀಮೆಯಲ್ಲಿ ಮಳೆಗಾಲದ ತೇವ, ಮುಂಗಾರಿನ ಮೊದಲೂ ಹಿಂಗಾರಿನಲ್ಲೂ ಬರುವ ಸಿಡಿಲು, ಮರ ಬಿದ್ದು ಕಡಿಯುವ ವಿದ್ಯುತ್ ತಂತಿ ಇವು ಪ್ರತಿ ವರ್ಷದ ಅನುಭವ. ತಂತ್ರಾಂಶದ ಕೈಪಿಡಿಗಳು ಇವನ್ನು ಹೇಳುವುದಿಲ್ಲ. ಸರ್ವರ್ ಕೋಣೆ ನೆಲಮಟ್ಟದಿಂದ ಮೇಲಿರಬೇಕು. ತೇವ ತೆಗೆಯುವ ಯಂತ್ರವಿರಬೇಕು. ಭೂಸಂಪರ್ಕ ಸಮರ್ಪಕವಾಗಿದೆಯೇ ಎಂಬುದನ್ನು ಬೇಸಗೆಯಲ್ಲೇ ಪರೀಕ್ಷಿಸಬೇಕು. ಸಿಡಿಲಿನ ಆಘಾತ ತಾಮ್ರದ ತಂತಿಯ ಮೂಲಕ ಒಳಬರುವುದರಿಂದ ಅಂತರಜಾಲದ ಸಂಪರ್ಕಕ್ಕೆ ದ್ಯುತಿತಂತು ಸುರಕ್ಷಿತ. ಯುಪಿಎಸ್‌ನ ಬ್ಯಾಟರಿ ಮುಗಿಯುವ ಮೊದಲು ದತ್ತಸಂಚಯವು ಕ್ರಮವಾಗಿ ಮುಚ್ಚಿಕೊಳ್ಳುವಂತೆ ಸರ್ವರಿಗೆ ಸೂಚನೆ ತಲುಪಬೇಕು. ಎರಡನೆಯ ಪ್ರತಿ ಅದೇ ಕಟ್ಟಡದಲ್ಲಿದ್ದರೆ ಸಿಡಿಲಿಗೆ ಎರಡೂ ಒಂದೇ. ಮೂರರಲ್ಲಿ ಒಂದು ಪ್ರತಿಯಾದರೂ ಉಡುಪಿ ಅಥವಾ ಮಂಗಳೂರಿನ ಸಹಸಂಸ್ಥೆಯೊಂದರಲ್ಲಿರಬೇಕು.

8. ಸ್ಥಾಪನೆಯ ಅನುಕ್ರಮ

ಮೇಲಿನ ನಿರ್ಧಾರಗಳು ಬರಹಕ್ಕಿಳಿದ ಮೇಲೆಯೇ ಸ್ಥಾಪನೆ ಆರಂಭವಾಗಬೇಕು. ಮೊದಲು ಪರೀಕ್ಷಾ ಸರ್ವರನ್ನು ಸ್ಥಾಪಿಸಿ, ಹತ್ತಿಪ್ಪತ್ತು ದಾಖಲೆಗಳನ್ನು ಸೇರಿಸಿ ಹುಡುಕಿ, ಕೇಳಿ, ನಿರ್ಬಂಧಿಸಿ ನೋಡುವುದು. ಅಲ್ಲಿ ಮಾಡಿದ ಪ್ರತಿಯೊಂದು ಹೆಜ್ಜೆಯನ್ನು ಬರೆದಿಟ್ಟು, ಅದೇ ಕ್ರಮದಲ್ಲಿ ನಿಜವಾದ ಸರ್ವರನ್ನು ನಿಲ್ಲಿಸುವುದು. ಅಪ್ಲಿಕೇಶನ್ ಸರ್ವರನ್ನು ಗಣಕದ ಪರಮಾಧಿಕಾರಿ ಖಾತೆಯಿಂದ ನಡೆಸದೆ, ಅದಕ್ಕೆಂದೇ ಸೀಮಿತ ಅಧಿಕಾರದ ಖಾತೆಯೊಂದನ್ನು ತೆರೆಯುವುದು. ಟಾಮ್‌ಕ್ಯಾಟ್‌ನ 8080, ಸೋಲರ್‌ನ 8983, ಪೋಸ್ಟ್‌ಗ್ರೆಸ್‌ನ 5432 ಇವೇ ಮೊದಲಾದ ದ್ವಾರಗಳು ಒಳಗಿನ ವ್ಯವಹಾರಕ್ಕೆ ಮಾತ್ರ; ಹೊರಗಿನವರಿಗೆ ಸುರಕ್ಷಿತ ಸಂಪರ್ಕದ 443 ಒಂದೇ ತೆರೆದಿರಬೇಕು. ದತ್ತಸಂಚಯ ಮತ್ತು ಕಡತಗಳ ಕೋಠಿ ಎರಡರ ಪ್ರತಿಯನ್ನೂ ಒಟ್ಟಿಗೆ ತೆಗೆಯಬೇಕು. ಒಂದಿಲ್ಲದೆ ಇನ್ನೊಂದರಿಂದ ಹಾಡು ಯಾರದೆಂದು ತಿಳಿಯುವುದಿಲ್ಲ. ತೆಗೆದ ಪ್ರತಿಯಿಂದ ಖಾಲಿ ಯಂತ್ರವೊಂದರಲ್ಲಿ ಭಂಡಾರವನ್ನು ಮರಳಿ ನಿಲ್ಲಿಸಿ ನೋಡಿದ ಬಳಿಕವೇ ಸಾರ್ವಜನಿಕರಿಗೆ ತೆರೆಯಬೇಕು. ಮರಳಿಸಿ ನೋಡದ ಪ್ರತಿಯನ್ನು ಪ್ರತಿಯೆಂದು ಭಾವಿಸಲಾಗದು.

ರಾಜ್ಯದ ಮಟ್ಟಿಗೆ ಭೂಮಿ ಯೋಜನೆ ಇಲ್ಲಿ ಉಪಯುಕ್ತ ಪಾಠ ಒದಗಿಸುತ್ತದೆ. 2001ರ ಹೊತ್ತಿಗೆ ತಾಲೂಕು ಕಚೇರಿಗಳಲ್ಲಿ ನೆಲೆಗೊಂಡ ಆ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. ನಮೂದಿಸಿದ ವಿವರಗಳನ್ನು ಮುದ್ರಿಸಿ, ಗ್ರಾಮಲೆಕ್ಕಿಗರಿಂದ ಮೂಲದೊಂದಿಗೆ ತಾಳೆ ನೋಡಿಸಿದ ಮೇಲೆಯೇ ಕೈಬರಹದ ಪಹಣಿಯನ್ನು ಕೈಬಿಡಲಾಯಿತು. ಜನಪದ ಭಂಡಾರದಲ್ಲಿಯೂ ಲಿಪ್ಯಂತರವನ್ನು ಧ್ವನಿಯೊಂದಿಗೆ, ವಿವರಗಳನ್ನು ಕ್ಷೇತ್ರಕಾರ್ಯದ ಟಿಪ್ಪಣಿಯೊಂದಿಗೆ ತಾಳೆ ನೋಡುವವರು ಬೇಕು. ಆ ಭಾಷೆಯನ್ನು, ಆ ಊರನ್ನು ಬಲ್ಲವರೇ ಈ ಕೆಲಸಕ್ಕೆ ಅರ್ಹರು. ಅಂಕೀಕರಣ ಮುಗಿದರೂ ಮೂಲ ಕ್ಯಾಸೆಟ್ಟುಗಳನ್ನು ಎಸೆಯಬಾರದು.

9. ಸಮಾರೋಪ

ಒಟ್ಟಿನಲ್ಲಿ ಅಪ್ಲಿಕೇಶನ್ ಸರ್ವರಿನ ಸ್ಥಾಪನೆ ಎರಡು ದಿನಗಳಲ್ಲಿ ಮುಗಿಯಬಹುದಾದ ಕೆಲಸ. ಅದರ ಯೋಜನೆ ತಿಂಗಳುಗಳನ್ನು ಬೇಡುತ್ತದೆ. ಆ ಯೋಜನೆಯ ಬಹುಪಾಲು ಪ್ರಶ್ನೆಗಳು ಯಂತ್ರಕ್ಕೆ ಸಂಬಂಧಿಸಿದವಲ್ಲ. ಏನನ್ನು ಉಳಿಸಬೇಕು, ಹೇಗೆ ಹೆಸರಿಸಬೇಕು, ಯಾರಿಗೆ ತೆರೆಯಬೇಕು ಎಂಬ ಜಾನಪದದ ಪ್ರಶ್ನೆಗಳೇ ಆಗಿವೆ. ಅವನ್ನು ತಂತ್ರಜ್ಞರಿಗೆ ವಹಿಸಿ ಸುಮ್ಮನಾಗುವುದು ವಿದ್ವಾಂಸರ ಕಡೆಯಿಂದಾಗುವ ಲೋಪ. ಸ್ಥಾಪನೆಯಾದ ಮೇಲೂ ವರ್ಷಕ್ಕೊಮ್ಮೆ ಪ್ರತಿಗಳನ್ನು ಪರೀಕ್ಷಿಸುವ, ಆವೃತ್ತಿಗಳನ್ನು ಹೊಸದಾಗಿಸುವ ಹೊಣೆ ಯಾರದೆಂದು ಹೆಸರು ಹಿಡಿದು ಬರೆದಿಡಬೇಕು. ಒಂದು ವರ್ಷದ ಅನುದಾನದಿಂದ ಯಂತ್ರ ಬರಬಹುದು, ಭಂಡಾರ ಬಾಳುವುದಿಲ್ಲ. ಗುತ್ತಿನ ಮನೆಗಳು ತಲೆತಲಾಂತರದಿಂದ ಭಂಡಾರವನ್ನು ಕಾಯ್ದುಕೊಂಡು ಬಂದುದು ಹೊಣೆ ಹೊರುವ ಮನೆತನ ಇಂಥದ್ದೆಂದು ಊರಿಗೆ ಗೊತ್ತಿದ್ದುದರಿಂದ. ಧ್ವನಿ ಭಂಡಾರಕ್ಕೂ ಅಂತಹ ಗೊತ್ತಾದ ಹೊಣೆಗಾರಿಕೆ ಏರ್ಪಟ್ಟಲ್ಲಿ, ಹಾಡಿ ಹೋದವರ ಕಂಠವನ್ನು ಅವರ ಮೊಮ್ಮಕ್ಕಳು ತಮ್ಮ ಊರಿನಲ್ಲೇ ಕೇಳುವಂತಾದೀತು.